ತೂಕ ಇಳಿಸುವ ಪದ್ಧತಿಗಳು: ತುಮಕೂರು, ಗುಬ್ಬಿ, ಕುಣಿಗಲ್

ಊಟ, ವ್ಯಾಯಾಮ, ಔಷಧ ಅಥವಾ ಶಸ್ತ್ರಚಿಕಿತ್ಸೆಯಿಂದ ಮೈಯಲ್ಲಿ ಸೇರಿದ ಹೆಚ್ಚಿನ ಕೊಬ್ಬನ್ನು ಕರಗಿಸುವ ಕ್ರಮಗಳಿಗೆ ತೂಕ ಇಳಿಸುವ ಪದ್ಧತಿಗಳೆನ್ನುತ್ತಾರೆ. ತುಮಕೂರು ಸೀಮೆಗೆ ಈ ಚಿಂತೆ ಈಚಿನದು. ರಾಗಿ ಹೊಲದಲ್ಲಿ, ತೆಂಗು ಅಡಿಕೆ ತೋಟದಲ್ಲಿ ಬೆವರು ಸುರಿಸುತ್ತಿದ್ದವರಿಗೆ ಹೊಟ್ಟೆ ತುಂಬುವುದೇ ದೊಡ್ಡ ಮಾತಾಗಿತ್ತು. ಮೈತುಂಬಿಕೊಂಡವರನ್ನು ಊರು ಅನುಕೂಲಸ್ಥರೆಂದೇ ಕಾಣುತ್ತಿತ್ತು.

ವೈದ್ಯಶಾಸ್ತ್ರಕ್ಕೆ ಮಾತ್ರ ಇದು ಹಳೆಯ ವಿಷಯ. ಚರಕಸಂಹಿತೆಯ ಸೂತ್ರಸ್ಥಾನದ 21ನೇ ಅಧ್ಯಾಯ ಅತಿಸ್ಥೂಲರಿಗೆ ನವಣೆ, ಹಾರಕ, ಹೆಸರು, ಹುರುಳಿಯಂಥ ಧಾನ್ಯಗಳನ್ನು ಹೇಳುತ್ತದೆ. ಇವು ಈ ಭಾಗದ ಬೆದ್ದಲು ಹೊಲದ ಬೆಳೆಗಳೇ. ವ್ಯಾಯಾಮವನ್ನು ಒಮ್ಮೆಲೇ ಅಲ್ಲ, ಕ್ರಮೇಣ ಹೆಚ್ಚಿಸಬೇಕೆಂದೂ ಅಲ್ಲಿದೆ. ಆ ‘ಕ್ರಮೇಣ’ ಎಂಬ ಮಾತು ಇಂದಿನ ಬಹುಪಾಲು ಜಾಹೀರಾತುಗಳಲ್ಲಿ ಕಾಣುವುದಿಲ್ಲ.

ಮುದ್ದೆ ಉಂಡರೆ ಬೊಜ್ಜು ಬರದು ಎಂಬ ನಂಬಿಕೆ ಇಲ್ಲಿ ಬಲವಾಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 356. ಅಂತರ ದೊಡ್ಡದಲ್ಲ. ನಾರಿನಂಶ ಮಾತ್ರ ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ; ಆದ್ದರಿಂದಲೇ ಮುದ್ದೆ ಉಂಡವರಿಗೆ ಬೇಗ ಹಸಿವಾಗುವುದಿಲ್ಲ. ಸೊಪ್ಪಿನ ಬಸ್ಸಾರು, ಹುರುಳಿಕಟ್ಟಿನ ಸಾರು ಜೊತೆಗಿದ್ದರೆ ಅದು ಒಳ್ಳೆಯ ಊಟ. ಆದರೆ ಅಜ್ಜನ ಮೈ ಹಗುರವಾಗಿಟ್ಟಿದ್ದು ಮುದ್ದೆಯೊಂದೇ ಅಲ್ಲ, ಮುದ್ದೆಯ ಹಿಂದಿನ ದುಡಿಮೆ. ಹೊಲದ ಬದಲು ಅಂಗಡಿ, ಕಚೇರಿ, ವಸಂತನರಸಾಪುರದ ಕಾರ್ಖಾನೆಯ ಪಾಳಿ, ಬೆಂಗಳೂರಿನ ನಿತ್ಯ ಪ್ರಯಾಣ ಬಂದವು. ಹಬ್ಬದ ತಿಂಡಿ ದಿನದ ತಿಂಡಿಯಾಯಿತು. ಕರ್ನಾಟಕದಲ್ಲಿ ಅಧಿಕ ತೂಕ ಅಥವಾ ಬೊಜ್ಜು ಇದ್ದ ಹೆಂಗಸರ ಪ್ರಮಾಣ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ ಶೇ. 23.3 ಇದ್ದದ್ದು ಐದನೆಯದರಲ್ಲಿ ಶೇ. 30.1ಕ್ಕೆ ಏರಿತು. ಗಂಡಸರದೂ ಇದೇ ಕಥೆ.

ಇಲ್ಲಿಯೇ ಹುಟ್ಟಿ ಹರಡಿದ ಕ್ರಮವೆಂದರೆ ಮುಂಜಾನೆಯ ಯೋಗ ತರಗತಿ. ಅ. ರಾ. ರಾಮಸ್ವಾಮಿ ಅವರು 1980ರಲ್ಲಿ ತುಮಕೂರಿನಲ್ಲಿ ಆರಂಭಿಸಿದ ಶ್ರೀ ಪತಂಜಲಿ ಯೋಗ ಶಿಕ್ಷಣ ಸಮಿತಿ ಶುಲ್ಕವಿಲ್ಲದೆ ಯೋಗ ಕಲಿಸುತ್ತ ರಾಜ್ಯದಾದ್ಯಂತ ಬೆಳೆಯಿತು. ಅದರ ಗುರಿ ತೂಕ ಇಳಿಸುವುದಷ್ಟೇ ಆಗಿರಲಿಲ್ಲ. ನಸುಕಿನಲ್ಲಿ ಏಳುವ, ನಾಲ್ಕು ಜನರೊಡನೆ ಮೈ ಬಗ್ಗಿಸುವ ಅಭ್ಯಾಸ ಅದರಿಂದ ಬಂತು. ಉಳ್ಳವರು ಬೆಂಗಳೂರಿನ ತುಮಕೂರು ರಸ್ತೆಯಲ್ಲಿ 1979ರಲ್ಲಿ ತೆರೆದ ಜಿಂದಾಲ್ ಪ್ರಕೃತಿ ಚಿಕಿತ್ಸಾಲಯಕ್ಕೋ ಧರ್ಮಸ್ಥಳದ ಶಾಂತಿವನಕ್ಕೋ ಹೋಗಿಬಂದರು. ಇಂಥ ಶಿಬಿರಗಳಲ್ಲಿ ಹತ್ತು ದಿನಕ್ಕೆ ಇಳಿಯುವ ತೂಕದಲ್ಲಿ ನೀರಿನ ಪಾಲು ಹೆಚ್ಚು. ಮನೆಯ ಅಡುಗೆ ಬದಲಾಗದಿದ್ದರೆ ಅದು ಮರಳಿ ಬರುತ್ತದೆ.

ಆಮೇಲೆ ಜಿಮ್ಮುಗಳು, ಊಟದ ಬದಲು ಕುಡಿಯುವ ಡಬ್ಬಿ ಪುಡಿಗಳು ಪೇಟೆಗೆ ಬಂದವು. ಮಾತ್ರೆಗಳ ಚರಿತ್ರೆ ಎಚ್ಚರ ಹೇಳುವಂಥದು: ಹಸಿವು ತಗ್ಗಿಸಲು ನುಂಗುತ್ತಿದ್ದ ಸಿಬುಟ್ರಮಿನ್ ಹೃದಯಕ್ಕೆ ಅಪಾಯವೆಂದು 2011ರಲ್ಲಿ ಭಾರತದಲ್ಲಿ ನಿಷೇಧವಾಯಿತು. ಟಿರ್ಜೆಪಟೈಡ್ ಚುಚ್ಚುಮದ್ದು 2025ರ ಮಾರ್ಚ್‌ನಲ್ಲಿ ದೇಶದ ಮಾರುಕಟ್ಟೆಗೆ ಬಂದಿದೆ. ಅದು ನಿಜಕ್ಕೂ ತೂಕ ಇಳಿಸುತ್ತದೆ, ನಿಲ್ಲಿಸಿದರೆ ಬಹಳ ಮಂದಿಗೆ ತೂಕ ಮತ್ತೆ ಏರುತ್ತದೆ. ವೈದ್ಯರ ಚೀಟಿಯಿಲ್ಲದೆ ಮುಟ್ಟುವಂಥದ್ದಲ್ಲ. ಕೊಬ್ಬು ಹೀರಿ ತೆಗೆಯುವ ಶಸ್ತ್ರಚಿಕಿತ್ಸೆ ಮೈಯ ಆಕಾರ ತಿದ್ದಲು ಇರುವುದೇ ಹೊರತು ತೂಕ ಇಳಿಸಲು ಅಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕಿರುತೆರೆ ನಟಿಯೊಬ್ಬರು ತೀರಿಕೊಂಡರು.

ಆಯ್ಕೆಗೆ ಅಳತೆಗೋಲು ಯಾವುದು? ಭಾರತೀಯರಿಗೆ ದೇಹತೂಕ ಸೂಚ್ಯಂಕ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ತಜ್ಞರು 2009ರಲ್ಲಿ ಗೊತ್ತುಮಾಡಿದರು. ಐದಡಿ ಐದಂಗುಲದವರಿಗೆ ಇದು ಹೆಚ್ಚುಕಡಿಮೆ 63 ಮತ್ತು 68 ಕೆಜಿ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಮಧುಮೇಹ ತಡೆ ಅಧ್ಯಯನ ಇಟ್ಟುಕೊಂಡ ಗುರಿ ಶೇ. 7ರಷ್ಟು ತೂಕ ಇಳಿಕೆ, ವಾರಕ್ಕೆ 150 ನಿಮಿಷದ ಚಟುವಟಿಕೆ. ಅಲ್ಲಿ ಮಧುಮೇಹದ ಸಾಧ್ಯತೆ ಶೇ. 58ರಷ್ಟು ತಗ್ಗಿತು. ಚೆನ್ನೈನ ವೈದ್ಯರು 2006ರಲ್ಲಿ ಪ್ರಕಟಿಸಿದ ಅಧ್ಯಯನ ನಮಗೆ ಇನ್ನೂ ಹತ್ತಿರ: ನಡಿಗೆ ಮತ್ತು ಊಟದ ತಿದ್ದುಪಡಿಯಿಂದ ತೂಕ ಅಷ್ಟಾಗಿ ಇಳಿಯದಿದ್ದರೂ ಮಧುಮೇಹ ಶೇ. 28.5ರಷ್ಟು ತಗ್ಗಿತ್ತು. ತಕ್ಕಡಿಯ ಮುಳ್ಳೊಂದನ್ನೇ ನೋಡಿ ಕೈಚೆಲ್ಲುವವರು ಇದನ್ನು ತಿಳಿಯಬೇಕು.

ಹಾಗಾಗಿ ಒಂದು ಕ್ರಮವನ್ನು ಒಪ್ಪುವ ಮೊದಲು ಕೇಳಬೇಕಾದ್ದು, ಆರನೆಯ ತಿಂಗಳಲ್ಲೂ ಮನೆಯವರೊಡನೆ ಕೂತು ಇದನ್ನೇ ಉಣ್ಣಬಹುದೇ ಎಂದು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ತಾವಾಗಿಯೇ ಉಪವಾಸಕ್ಕೆ ಇಳಿಯಬಾರದು. ಬಸುರಿಯರು ತೂಕ ಇಳಿಸುವ ಯೋಚನೆಯನ್ನೇ ಮುಂದಕ್ಕೆ ಹಾಕಬೇಕು. ಸಾಂಕ್ರಾಮಿಕವಲ್ಲದ ರೋಗಗಳ ನಿಯಂತ್ರಣಕ್ಕೆ ಕೇಂದ್ರ ಸರ್ಕಾರ 2010ರಲ್ಲಿ ಆರಂಭಿಸಿದ ಕಾರ್ಯಕ್ರಮದ ಮೊದಲ ಹಂತದ ಜಿಲ್ಲೆಗಳಲ್ಲಿ ತುಮಕೂರೂ ಸೇರಿತ್ತು. ಯಾವುದೇ ಪ್ಯಾಕೇಜಿಗೆ ದುಡ್ಡು ಕಟ್ಟುವ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ತೂಕ, ಸೊಂಟದಳತೆ, ರಕ್ತದೊತ್ತಡ, ಸಕ್ಕರೆ ನೋಡಿಸಿಕೊಳ್ಳಿ.