ರಾಯರ ಕೆರೆಯಿಂದ ಸಂಡೂರಿನ ಬೆಟ್ಟದವರೆಗೆ

ಹಂಪಿ ಬಜಾರಿನ ಕಲ್ಲುಮಂಟಪಗಳ ನಡುವೆ ನಿಂತಾಗಲೆಲ್ಲ ನನಗೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ನೆನಪಾಗುತ್ತಾನೆ. ಸುಮಾರು 1520ರಲ್ಲಿ ಇಲ್ಲಿಗೆ ಬಂದ ಆತ, ಕೃಷ್ಣದೇವರಾಯ ಕೆರೆ ಕಟ್ಟಿಸುತ್ತಿದ್ದುದನ್ನು ಕಣ್ಣಾರೆ ಕಂಡು ಬರೆದ. ಎರಡು ಬೆಟ್ಟಗಳ ನಡುವಿನ ಆ ಕೆಲಸಕ್ಕೆ ಹದಿನೈದಿಪ್ಪತ್ತು ಸಾವಿರ ಆಳುಗಳು! ಅದಕ್ಕಾಗಿ ಗುಡ್ಡವೊಂದನ್ನು ಒಡೆಸಿದ್ದು, ಏರಿ ಎರಡು ಮೂರು ಬಾರಿ ಕುಸಿದದ್ದು, ನರಬಲಿಯ ಸಂಗತಿ, ಯಾವುದನ್ನೂ ಆತ ಮುಚ್ಚಿಡಲಿಲ್ಲ. ಕ್ಯಾಮೆರಾ ಇಲ್ಲದ ಕಾಲದ ಒಳ್ಳೆಯ ವರದಿಗಾರ.

ಹೊಸಪೇಟೆಯ ದಕ್ಷಿಣಕ್ಕಿರುವ ರಾಯರ ಕೆರೆಯೇ ಅದೆಂದು ಹಲವು ವಿದ್ವಾಂಸರ ಅಭಿಪ್ರಾಯ. ಅದರಾಚೆಗೆ ಸಂಡೂರಿನ ಬೆಟ್ಟಗಳು. 2000ದ ನಂತರ ಚೀನಾದಲ್ಲಿ ಉಕ್ಕಿಗೆ ಬೇಡಿಕೆ ಏರಿದಂತೆ ಇಲ್ಲಿಯ ಬೆಟ್ಟಗಳೂ ಒಡೆದವು. ಅದಿರಿನ ಲಾರಿಗಳ ಕೆಂಧೂಳು ಬೆಳೆಯ ಮೇಲೆ ಕುಳಿತಿತು, ಹಳ್ಳಗಳಲ್ಲಿ ಹೂಳು ತುಂಬಿತು. ಈ ಬಾರಿ ಅದನ್ನು ಬರೆದವರು ಪತ್ರಿಕೆಗಳವರು. ಕನ್ನಡ ಪತ್ರಿಕೆಗಳಂತೆಯೇ ದೆಹಲಿಯ ‘ಡೌನ್ ಟು ಅರ್ತ್’ ಪಾಕ್ಷಿಕವೂ ಬಳ್ಳಾರಿಯ ಗಣಿಗಳ ಕಥೆಯನ್ನು ದೇಶದ ಮುಂದಿಟ್ಟಿತು. 2009ರಲ್ಲಿ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿನ ಮೊರೆಹೋಯಿತು. 2011ರ ಜುಲೈ 29ರಂದು ಜಿಲ್ಲೆಯ ಗಣಿಗಾರಿಕೆಗೆ ತಡೆ ಬಿತ್ತು. 2013ರಲ್ಲಿ ನ್ಯಾಯಾಲಯ ತೀವ್ರ ಅಕ್ರಮದ ಗುತ್ತಿಗೆಗಳನ್ನು ರದ್ದುಮಾಡಿ, ಉಳಿದವುಗಳಿಗೆ ಷರತ್ತಿನ ಮೇಲೆ ಅನುಮತಿ ನೀಡಿತು. ವರ್ಷಕ್ಕೆ ಇಷ್ಟೇ ಅದಿರು ಎಂಬ ಮಿತಿಯೂ ಬಂತು. ಆ ಮಿತಿ ಆಮೇಲೆ ಏರಿತೆನ್ನುವುದೂ ವರದಿಯಾಗಿದೆ.