ಗೊಂಬೆಯೊಳಗ ಕುಂತವರು ಯಾರು?



ಮಾತಾಡೋ ರೋಬೋಟ್ ಅಂದ್ರ ತನ್ನಷ್ಟಕ್ಕ ತಾನೇ ಯೋಚಿಸೋ ಯಂತ್ರ ಅಂತ ನಮ್ಮ ಹುಡುಗರು ನಂಬ್ಯಾರ. ಇತಿಹಾಸ ಬೇರೆ ಹೇಳತೈತಿ. 1770ರಲ್ಲಿ ವಿಯೆನ್ನಾದ ಅರಮನೆಯಲ್ಲಿ ಕೆಂಪೆಲೆನ್ ಎಂಬಾತ ಚದುರಂಗ ಆಡುವ ಗೊಂಬೆಯೊಂದನ್ನು ತೋರಿಸಿದ. ತಲೆಗೆ ರುಮಾಲು ಸುತ್ತಿದ್ದಕ್ಕೆ ಅದಕ್ಕೆ 'ತುರ್ಕ' ಅಂತ ಹೆಸರು. ಯುರೋಪು, ಅಮೆರಿಕ ಎರಡೂ ಬೆರಗಾದವು. ಆಡುತ್ತಿದ್ದವನು ಪೆಟ್ಟಿಗೆಯೊಳಗೆ ಮೇಣದಬತ್ತಿ ಹಚ್ಚಿಕೊಂಡು ಮೈ ಮುದುಡಿ ಕುಂತಿದ್ದ ಮನುಷ್ಯ! 1854ರಲ್ಲಿ ಫಿಲಡೆಲ್ಫಿಯಾದಲ್ಲಿ ಬೆಂಕಿ ಬಿದ್ದು ಗೊಂಬೆ ಸುಟ್ಟುಹೋಗೋ ತನಕ ಹೊಗಳಿಕೆಯೆಲ್ಲ ಗೊಂಬೆಗೆ, ಸೆಕೆ ಒಳಗಿನವರಿಗೆ. ದುಡಿಯೋರನ್ನ ಕಣ್ಣಿಗೆ ಬೀಳದಂಗ ಇಡೋದು ನಮಗೇನು ಹೊಸದಲ್ಲ ಬಿಡ್ರಿ.

ನಮ್ಮ ರಾಜ್ಯಕ್ಕೂ ಇಂಥ ಯಂತ್ರ ಬಂತು. ಬೆಂಗಳೂರಿನ ಇನ್ವೆಂಟೊ ಕಂಪನಿ ಮಾಡಿದ 'ಮಿತ್ರ' ರೋಬೋಟ್ 2017ರಲ್ಲಿ ಹೈದರಾಬಾದಿನ ಶೃಂಗಸಭೆಯಲ್ಲಿ ಪ್ರಧಾನಿ ಎದುರು ನಿಂತಿತ್ತು. 2020ರ ಕೊರೊನಾದಾಗ ಬನ್ನೇರುಘಟ್ಟ ರಸ್ತೆಯ ಫೋರ್ಟಿಸ್ ಆಸ್ಪತ್ರೆಯಲ್ಲಿ ಬಂದವರ ಜ್ವರ ನೋಡಿತು, ದೂರದ ವೈದ್ಯರನ್ನು ಪರದೆ ಮೇಲೆ ಮಾತಿಗೆ ತಂದಿತು. ಅಲ್ಲಿ ಒಂದು ಸಮಾಧಾನ: ಯಾರ ಜೊತೆ ಮಾತಾಡಾಕತ್ತೀವಿ ಅಂತ ರೋಗಿಗೆ ಮುಖ ಕಾಣತಿತ್ತು.

2025ರ ಅಕ್ಟೋಬರ್‌ನಲ್ಲಿ 1ಎಕ್ಸ್ ಕಂಪನಿ ಮನೆಗೆಲಸದ 'ನಿಯೋ' ರೋಬೋಟಿಗೆ ಮುಂಗಡ ತಗೊಳ್ಳಾಕ ಶುರು ಮಾಡಿತು. ಬೆಲೆ 20,000 ಡಾಲರ್. ಅದಕ್ಕೆ ಬಾರದ ಕೆಲಸ ಬಂದರೆ ಕಂಪನಿಯ ಆಪರೇಟರ್ ಎಲ್ಲೋ ಕುಂತು, ಅದರ ಕಣ್ಣಿನಿಂದಲೇ ಮನೆ ನೋಡಿ ಕೈಯಾಡಿಸುತ್ತಾರೆ. ಇದನ್ನ ಕಂಪನಿಯೇ ಒಪ್ಪಿಕೊಂಡೈತಿ. ಮಾಲೀಕರು ಒಪ್ಪಿದರಷ್ಟೇ ಆಪರೇಟರ್ ಬರ್ತಾರ, ಯಾವ ಕೋಣೆಗೆ ಹೋಗಬಾರದು ಅಂತ ಗೆರೆ ಹಾಕಬಹುದು, ಮನುಷ್ಯರನ್ನು ಮಸುಕು ಮಾಡಬಹುದು ಅಂತಾನೂ ಹೇಳೈತಿ.

ಒಪ್ಪಿಗೆ ಯಾರದು? ಮಾಲೀಕರದು. ನಮ್ಮ ಹುಲಿಗಿ ಸುತ್ತಿನ ಕೇರಿಗಳಿಂದ ಬೆಂಗಳೂರಿಗೆ ಮನೆಗೆಲಸಕ್ಕೆ ಹೋಗೋ ಅಕ್ಕಂದಿರನ್ನ ಯಾರು ಕೇಳ್ತಾರ? ಅಂಥ ಯಂತ್ರ ನಾಳೆ ಆ ಮನೆಗಳಿಗೆ ಬಂದರೆ ಅಕ್ಕ ನೆಲ ಒರೆಸೋದು, ದಣಿದು ಕುಂತಿದ್ದು, ಫೋನಿನಾಗ ಮಗಳ ಕೂಡ ಅತ್ತಿದ್ದು ಎಲ್ಲಾ ಅದರ ಕಣ್ಣಿಗೆ ಬೀಳತೈತಿ. ಆ ಕಣ್ಣಿನ ಹಿಂದೆ ಯಾರದಾರ ಅಂತ ಆಕಿಗೆ ಕಾಣೋದಿಲ್ಲ. ಉಂಗುರ ಕಳೆದರೆ ಮೊದಲು ಅನುಮಾನ ಬೀಳೋದು ಆಕಿ ಮ್ಯಾಲೇ. ಆಗ ವಿಡಿಯೋ ಮಾಲೀಕರ ಕೈಯಾಗಿರತೈತಿ.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂದಿತು. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಖಾಸಗಿತನ ಮನುಷ್ಯನಿಗೆ ಸೇರಿದ್ದು, ಜಾಗಕ್ಕಲ್ಲ ಅನ್ನೋದು ಆ ತೀರ್ಪಿನ ಮುಖ್ಯ ಮಾತು. ಅಂದ್ರ ಇನ್ನೊಬ್ಬರ ಅಡುಗೆಮನೆಯಾಗ ನಿಂತಾಗಲೂ ಅದು ಆ ಅಕ್ಕಂದು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ, ವ್ಯಕ್ತಿಯೊಬ್ಬರು ಸ್ವಂತಕ್ಕೆ ಇಲ್ಲಾ ಮನೆ ಬಳಕೆಗೆ ಇಟ್ಟುಕೊಂಡ ಮಾಹಿತಿಗೆ ಅನ್ವಯಿಸೋದಿಲ್ಲ. ಕಂಪನಿಯನ್ನ ಕೇಳಬಹುದು, ಮಾಲೀಕರು ನುಣುಚಿಕೋತಾರ.

2025ರಲ್ಲಿ ರಾಜ್ಯ ಸರ್ಕಾರ ಮನೆಗೆಲಸದವರಿಗಾಗಿ ಕರಡು ಮಸೂದೆ ಪ್ರಕಟಿಸಿತ್ತು. ಸಂಘಟನೆಯ ಗೆಳೆಯರು ಕಾರ್ಮಿಕ ಇಲಾಖೆಗೆ ಈ ಬೇಡಿಕೆ ಬರೀರಿ: ಮನೆಯಲ್ಲಿ ಕ್ಯಾಮೆರಾ ಇಲ್ಲವೇ ರೋಬೋಟ್ ಇದ್ದರೆ ಕೆಲಸದವರಿಗೆ ಮೊದಲೇ ಹೇಳಬೇಕು, ಆಚೆಗೆ ಕುಂತು ನೋಡೋರು ಯಾರು ಅಂತ ತಿಳಿಸಬೇಕು, ಒಲ್ಲೆ ಅಂದರೆ ಕೆಲಸದಿಂದ ತೆಗೀಬಾರದು.