ಒಂದು ಡಾಲರ್ ಬಾಡಿಗೆಯ ತೋಟ



ಇತಿಹಾಸ ಎಂದೊಡನೆ ನಿಮಗೆ ರಾಜರು, ಯುದ್ಧಗಳು, ಒಪ್ಪಂದಗಳು ನೆನಪಾಗುತ್ತವೆ. ಆದರೆ ಊರಿನ ಮೂಲೆಯ ಒಂದು ಕಸದ ರಾಶಿಗೂ ಇತಿಹಾಸವಿರುತ್ತದೆ. ನೀವು ಶಾಲೆಗೆ ಹೋಗುವ ದಾರಿಯಲ್ಲಿ ಯಾರದೋ ಖಾಲಿ ನಿವೇಶನವನ್ನು ನೋಡಿರಬಹುದು. ಒಡೆದ ಇಟ್ಟಿಗೆ, ಹರಿದ ಚೀಲ, ಪಾರ್ಥೇನಿಯಂ ಗಿಡ. ‘ಇದನ್ನು ಯಾರಾದರೂ ಸರಿಪಡಿಸಬಾರದೇ?’ ಎಂದುಕೊಂಡು ನಾವು ಮುಂದೆ ನಡೆಯುತ್ತೇವೆ. ಹಾಗೆ ಮುಂದೆ ನಡೆಯದೆ ನಿಂತ ಕೆಲವರ ಕಥೆ ಇದು. ನಡೆದದ್ದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ.

ಗಗನಚುಂಬಿ ಕಟ್ಟಡಗಳಿಗೆ ಹೆಸರಾದ ಆ ನಗರ 1975ರ ಹೊತ್ತಿಗೆ ದಿವಾಳಿಯ ಅಂಚಿಗೆ ಬಂದಿತ್ತು. ಕಾರ್ಖಾನೆಗಳು ಮುಚ್ಚುತ್ತಿದ್ದವು, ಅನುಕೂಲಸ್ಥರು ಹೊರವಲಯಗಳಿಗೆ ಹೊರಟುಹೋಗುತ್ತಿದ್ದರು. 1970ರ ಜನಗಣತಿಯಲ್ಲಿ ಸುಮಾರು 79 ಲಕ್ಷವಿದ್ದ ಜನಸಂಖ್ಯೆ 1980ರಲ್ಲಿ ಸುಮಾರು 71 ಲಕ್ಷಕ್ಕೆ ಇಳಿಯಿತು. ಬಡವರ ಬಡಾವಣೆಗಳಲ್ಲಿ ಲಾಭವಿಲ್ಲವೆಂದು ಅನೇಕ ಮಾಲೀಕರು ತಮ್ಮ ಕಟ್ಟಡಗಳನ್ನು ತೊರೆದರು. ತೆರಿಗೆ ಕಟ್ಟದ ಆಸ್ತಿಗಳು ನಗರಾಡಳಿತದ ಪಾಲಾದವು. ಪಾಳುಬಿದ್ದ ಮನೆಗಳನ್ನು ಕೆಡವಿದ ಮೇಲೆ ಉಳಿದದ್ದು ಖಾಲಿ ಜಾಗ, ಅದರ ತುಂಬ ಕಸ.

1973ರಲ್ಲಿ ಲಿಜ್ ಕ್ರಿಸ್ಟಿ ಎಂಬ ಕಲಾವಿದೆ ಮತ್ತು ಆಕೆಯ ಗೆಳೆಯರು ಈ ಜಾಗಗಳತ್ತ ಕಣ್ಣು ಹಾಯಿಸಿದರು. ಬೀಜ, ಗೊಬ್ಬರ, ನೀರು ತುಂಬಿದ ಬಲೂನುಗಳನ್ನು ಬೇಲಿಯಾಚೆ ಎಸೆದರು. ರಸ್ತೆ ವಿಭಜಕಗಳಲ್ಲಿ ಸೂರ್ಯಕಾಂತಿ ಬಿತ್ತಿದರು. ತಮ್ಮ ಗುಂಪನ್ನು ‘ಗ್ರೀನ್ ಗೆರಿಲ್ಲಾಸ್’ ಎಂದು ಕರೆದುಕೊಂಡರು. ಶಿವಾಜಿಯ ಪಾಠದಲ್ಲಿ ನೀವು ಓದಿರುವ ಗೆರಿಲ್ಲಾ ಯುದ್ಧದ ಪದವೇ ಇದು. ವ್ಯತ್ಯಾಸವೆಂದರೆ ಇವರ ಆಯುಧ ಬೀಜ.

ಮ್ಯಾನ್‌ಹಟನ್‌ನ ಬವರಿ ಮತ್ತು ಹೌಸ್ಟನ್ ರಸ್ತೆಗಳು ಸೇರುವಲ್ಲಿ ಅಂಥದೊಂದು ನಿವೇಶನವಿತ್ತು. ಸ್ವಯಂಸೇವಕರು ಕಸ ಹೊತ್ತು ಹಾಕಿ, ಮಣ್ಣು ತಂದು ಹರಡಿ, ಬೇಲಿ ಕಟ್ಟಿದರು. ಆದರೆ ಜಾಗ ಅವರದಲ್ಲ. ಆದ್ದರಿಂದ ನಗರಾಡಳಿತದೊಂದಿಗೆ ಮಾತುಕತೆ ನಡೆಸಿದರು. 1974ರಲ್ಲಿ ತಿಂಗಳಿಗೆ ಒಂದು ಡಾಲರ್ ಬಾಡಿಗೆಗೆ ಆ ಜಾಗ ದೊರೆಯಿತು. ಅಲ್ಲಿ 60 ಮಡಿಗಳಲ್ಲಿ ತರಕಾರಿ ಬೆಳೆಯಿತು. ಇದನ್ನು ನೋಡಿ ಬೇರೆ ಬಡಾವಣೆಗಳೂ ತೋಟ ಮಾಡಲು ಮುಂದಾದವು. 1978ರಲ್ಲಿ ಇಂಥ ತೋಟಗಳ ನೆರವಿಗೆಂದೇ ನಗರಾಡಳಿತ ‘ಗ್ರೀನ್ ಥಂಬ್’ ಎಂಬ ಯೋಜನೆ ಆರಂಭಿಸಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಸುಖಾಂತವಾಗುತ್ತಿತ್ತು. ಆದರೆ 1990ರ ದಶಕದಲ್ಲಿ ನ್ಯೂಯಾರ್ಕ್ ಚೇತರಿಸಿಕೊಂಡಿತು. ಭೂಮಿಯ ಬೆಲೆ ಏರಿತು. ಯಾರಿಗೂ ಬೇಡವಾಗಿದ್ದ ಜಾಗ ಈಗ ಎಲ್ಲರಿಗೂ ಬೇಕಾಯಿತು. ಬಡಾವಣೆಯನ್ನು ಹಸನುಗೊಳಿಸಿದವರ ಶ್ರಮವೇ ಅದರ ಬೆಲೆ ಹೆಚ್ಚಲು ಒಂದು ಕಾರಣವಾದದ್ದು ವಿಪರ್ಯಾಸ. ಊರಿಗೆ ಮನೆಗಳು ಬೇಕು ಎಂದು ನಗರಾಡಳಿತ ವಾದಿಸಿತು. ಆ ವಾದದಲ್ಲೂ ಸತ್ಯಾಂಶವಿತ್ತು. 1999ರಲ್ಲಿ ನೂರಕ್ಕೂ ಹೆಚ್ಚು ತೋಟಗಳು ಹರಾಜಿಗೆ ಬಂದವು. ಹರಾಜು ಆರಂಭವಾಗುವ ಮುನ್ನ ಎರಡು ಸಂಸ್ಥೆಗಳು ಸುಮಾರು 42 ಲಕ್ಷ ಡಾಲರ್ ಕೊಟ್ಟು ಅವುಗಳನ್ನು ಉಳಿಸಿಕೊಂಡವು.

ಎಲ್ಲ ತೋಟಗಳಿಗೂ ಆ ಭಾಗ್ಯವಿರಲಿಲ್ಲ. ಎರಡು ದಶಕಗಳಿಂದ ಜನ ಸಾಕಿ ಬೆಳೆಸಿದ ‘ಎಸ್ಪೆರಾನ್ಸಾ’ ತೋಟವನ್ನು 2000ದ ಫೆಬ್ರವರಿಯಲ್ಲಿ ಬುಲ್ಡೋಜರ್ ನೆಲಸಮ ಮಾಡಿತು. ಸ್ಪ್ಯಾನಿಷ್ ಭಾಷೆಯ ಆ ಹೆಸರಿನ ಅರ್ಥ ‘ಭರವಸೆ’. ಅಡ್ಡ ನಿಂತವರನ್ನು ಪೊಲೀಸರು ಬಂಧಿಸಿದರು. ಅದೇ ದಿನ ನ್ಯಾಯಾಲಯ ಉಳಿದ ತೋಟಗಳನ್ನು ಮುಟ್ಟದಂತೆ ತಡೆಯಾಜ್ಞೆ ನೀಡಿತು. ಎಸ್ಪೆರಾನ್ಸಾದ ಪಾಲಿಗೆ ಅದು ತಡವಾಗಿತ್ತು. 2002ರಲ್ಲಿ ರಾಜಿಯಾಯಿತು: ಸುಮಾರು 400 ತೋಟಗಳನ್ನು ಉಳಿಸುವುದು, ಕೆಲವು ಜಾಗಗಳಲ್ಲಿ ಮನೆ ಕಟ್ಟುವುದು.

ಲಿಜ್ ಕ್ರಿಸ್ಟಿ 1985ರಲ್ಲೇ ತೀರಿಕೊಂಡಿದ್ದರು. ಮರುವರ್ಷ ಬವರಿಯ ತೋಟಕ್ಕೆ ಆಕೆಯ ಹೆಸರಿಡಲಾಯಿತು. ಆ ತೋಟ ಇಂದಿಗೂ ಇದೆ. ಸ್ವಯಂಸೇವಕರೇ ಅದನ್ನು ನೋಡಿಕೊಳ್ಳುತ್ತಾರೆ.

ಇದರಿಂದ ನಾವು ತಿಳಿಯಬೇಕಾದದ್ದೇನು? ಗಿಡ ನೆಡುವುದು ಒಂದು ದಿನದ ಕೆಲಸ. ಆ ಗಿಡ ನಿಂತ ನೆಲವನ್ನು ಕಾಯುವುದು ಹಲವು ವರ್ಷಗಳ ಕೆಲಸ. ಅದಕ್ಕೆ ಗುದ್ದಲಿಯ ಜೊತೆಗೆ ಕಾಗದಪತ್ರ ಬೇಕು, ನೆರೆಹೊರೆಯ ಒಗ್ಗಟ್ಟು ಬೇಕು, ಕಾನೂನಿನ ತಿಳಿವಳಿಕೆ ಬೇಕು. ಬರೀ ಪ್ರೀತಿ ಎಸ್ಪೆರಾನ್ಸಾವನ್ನು ಉಳಿಸಲಿಲ್ಲ.

ನೀವೂ ಒಂದು ಕೆಲಸ ಮಾಡಿ. ನಿಮ್ಮ ಬೀದಿಯ ಒಂದು ಖಾಲಿ ಜಾಗದ ಇತಿಹಾಸವನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಿ. ಅಲ್ಲಿ ಹಿಂದೆ ಏನಿತ್ತು? ಗುಂಡುತೋಪೋ, ಬಾವಿಯೋ, ಯಾರದಾದರೂ ಮನೆಯೋ? ಈಗ ಅದು ಯಾರಿಗೆ ಸೇರಿದೆ? ಉತ್ತರ ಸಿಕ್ಕ ಮೇಲೆ ಅವರ ಅನುಮತಿ ಕೇಳಿ. ಗುದ್ದಲಿ ಹಿಡಿಯುವುದು ಆಮೇಲೆ.